ಬೆನ್ನುಮೂಳೆಯ ಮೌನ ಮುರಿತ ಮತ್ತು ಹಿರಿಯರ ಬದುಕು

ವಯಸ್ಸಾದ ಮೇಲೆ ಬೆನ್ನು ಬಾಗುವುದು ಸಹಜವೆಂದೇ ನಾವು ನಂಬಿಕೊಂಡು ಬಂದಿದ್ದೇವೆ. ಆದರೆ ಹಾಗೆ ಬಾಗಿದ ಅನೇಕ ಬೆನ್ನುಗಳಲ್ಲಿ ಒಂದೆರಡು ಮೂಳೆಗಳು ಯಾರಿಗೂ ತಿಳಿಯದಂತೆ ಮುರಿದಿರುತ್ತವೆ. 2011ರ ಜನಗಣತಿಯಂತೆ ಅರವತ್ತು ದಾಟಿದವರ ಪ್ರಮಾಣ ದೇಶದಲ್ಲಿ ಶೇಕಡಾ 8.6 ಇದ್ದರೆ ಕೇರಳದಲ್ಲಿ ಶೇಕಡಾ 12.6 ಇತ್ತು. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ವಿಷಯ ಹತ್ತಿರದ್ದೇ ಆಗಿದೆ.

ಮುರಿತ ಹೇಗೆ ಆಗುತ್ತದೆ?

ಮೂಳೆಯ ಸಾಂದ್ರತೆ ಕುಗ್ಗಿ ಅದು ಒಳಗೊಳಗೇ ಟೊಳ್ಳಾಗುವ ಸ್ಥಿತಿಗೆ ಆಸ್ಟಿಯೋಪೊರೋಸಿಸ್ ಅಥವಾ ಅಸ್ಥಿರಂಧ್ರತೆ ಎಂದು ಹೆಸರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗುವುದರಿಂದ ಮಹಿಳೆಯರಲ್ಲಿ ಇದು ಹೆಚ್ಚು. ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಈ ಕಾಯಿಲೆ ಇದೆಯೆಂದು ತಿಳಿಯಬೇಕೆಂಬ ಮಾನದಂಡವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನೀಡಿತು. ಇಂತಹ ಮೂಳೆ ಮುರಿಯಲು ಬೀಳಲೇಬೇಕೆಂದಿಲ್ಲ. ನೀರಿನ ಬಕೆಟ್ ಎತ್ತುವಾಗ, ಬಸ್ಸು ಕುಲುಕಿದಾಗ, ಕೆಲವೊಮ್ಮೆ ಜೋರಾಗಿ ಕೆಮ್ಮಿದಾಗಲೂ ಬೆನ್ನಿನ ಮಣಿಯೊಂದು ಮುಂಭಾಗದಲ್ಲಿ ಕುಸಿಯಬಹುದು. ಇಂತಹ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಭಾಗ ಆ ಸಮಯದಲ್ಲಿ ವೈದ್ಯರ ಗಮನಕ್ಕೇ ಬರುವುದಿಲ್ಲ.

ಬದುಕಿನ ಮೇಲಿನ ಪರಿಣಾಮ

ಎಕ್ಸ್-ರೇ ಚಿತ್ರ ಮೂಳೆಯನ್ನು ತೋರಿಸುತ್ತದೆ, ಬದುಕನ್ನು ತೋರಿಸುವುದಿಲ್ಲ. ಇದನ್ನು ಮನಗಂಡು ಯೂರೋಪಿನ ತಜ್ಞರು ‘ಕ್ವಾಲೆಫೊ-41’ ಎಂಬ ಪ್ರಶ್ನಾವಳಿಯನ್ನು ರೂಪಿಸಿದರು. ಅದರ ನಲವತ್ತೊಂದು ಪ್ರಶ್ನೆಗಳು ನೋವು, ದೈಹಿಕ ಸಾಮರ್ಥ್ಯ, ಸಾಮಾಜಿಕ ಒಡನಾಟ, ಆರೋಗ್ಯದ ಬಗ್ಗೆ ಸ್ವಂತ ಅಭಿಪ್ರಾಯ, ಮನಸ್ಥಿತಿ ಎಂಬ ಐದು ವಿಷಯಗಳನ್ನು ಒಳಗೊಂಡಿವೆ. ನೋವಿನ ಬಗ್ಗೆ ಐದೇ ಪ್ರಶ್ನೆಗಳಿದ್ದರೆ ಮನಸ್ಥಿತಿಯ ಬಗ್ಗೆ ಒಂಬತ್ತು ಪ್ರಶ್ನೆಗಳಿವೆ ಎಂಬುದು ಗಮನಾರ್ಹ.

ಮುರಿತಗಳ ಸಂಖ್ಯೆ ಹೆಚ್ಚಿದಷ್ಟೂ ಜೀವನದ ಗುಣಮಟ್ಟ ಇಳಿಯುತ್ತದೆ. ಎದೆಯ ಭಾಗಕ್ಕಿಂತ ಸೊಂಟದ ಭಾಗದ ಮುರಿತ ಹೆಚ್ಚು ತೊಂದರೆ ಕೊಡುತ್ತದೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ತೀವ್ರ ನೋವು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಗ್ಗಿದರೂ ಕುಸಿದ ಮೂಳೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಬೆನ್ನು ಬಾಗಿದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ. ಹೊಟ್ಟೆ ಒತ್ತಿಕೊಂಡು ಎರಡು ತುತ್ತಿಗೇ ಊಟ ಸಾಕೆನಿಸುತ್ತದೆ. ಬಿದ್ದೇನೆಂಬ ಭಯದಿಂದ ನಡೆದಾಟ ನಿಲ್ಲುತ್ತದೆ. ನಡೆದಾಟ ನಿಂತರೆ ಸ್ನಾಯು ಮತ್ತು ಮೂಳೆಗಳೆರಡೂ ಇನ್ನಷ್ಟು ದುರ್ಬಲವಾಗುತ್ತವೆ.

ಕೊಚ್ಚಿಯ ದೋಣಿ ಜೆಟ್ಟಿಯಲ್ಲಿ ಹತ್ತಿ ಇಳಿಯುವುದು, ತಿರುವನಂತಪುರದ ಏರಿಳಿತದ ರಸ್ತೆಗಳಲ್ಲಿ ನಡೆಯುವುದು, ಮಳೆಗಾಲದ ಜಾರುವ ಅಂಗಳ ದಾಟುವುದು, ಇವೆಲ್ಲ ಇಂತಹ ಹಿರಿಯರಿಗೆ ಒಂದೊಂದಾಗಿ ಕೈಬಿಡುವ ಕೆಲಸಗಳು. ಮೊದಲು ಸಂತೆ, ಆಮೇಲೆ ದೇವಸ್ಥಾನ, ಕೊನೆಗೆ ಸಂಘದ ಕಾರ್ಯಕ್ರಮ. ಮಕ್ಕಳು ದೂರದ ಊರಿನಲ್ಲಿದ್ದರೆ ಫೋನಿನಲ್ಲಿ ‘ಚೆನ್ನಾಗಿದ್ದೇನೆ’ ಎಂಬ ಉತ್ತರವಷ್ಟೇ ಸಿಗುತ್ತದೆ.

ಭಾಷೆಯ ತೊಡಕೂ ಇದೆ. ಅಂಗಡಿಯ ವ್ಯವಹಾರಕ್ಕೆ ಸಾಕಾಗುವ ಮಲಯಾಳಂ ಬಲ್ಲ ನಮ್ಮ ಹಿರಿಯರಿಗೆ ಚುಚ್ಚುವ ನೋವು, ಸೆಳೆತ, ಉರಿ, ಹಿಡಿದುಕೊಂಡಂತಾಗುವುದು, ಇವುಗಳನ್ನು ಬೇರೆ ಬೇರೆಯಾಗಿ ವೈದ್ಯರಿಗೆ ಹೇಳುವುದು ಸುಲಭವಲ್ಲ. ಆದ್ದರಿಂದ ಜೊತೆಗೆ ಹೋಗುವವರು ‘ನೋವಿದೆಯೇ?’ ಎಂದಷ್ಟೇ ಕೇಳದೆ, ‘ಅಮ್ಮಾ, ಈಗೀಗ ಯಾವ ಯಾವ ಕೆಲಸ ಬಿಟ್ಟಿದ್ದೀಯ?’ ಎಂದು ಮೊದಲೇ ಕೇಳಿ ತಿಳಿದು ವೈದ್ಯರಿಗೆ ವಿವರಿಸುವುದು ಒಳ್ಳೆಯದು.

ನಾವು ಮಾಡಬಹುದಾದದ್ದು

ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಎಕ್ಸ್-ರೇ ಮತ್ತು ಡೆಕ್ಸಾ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು. ತಡ ಮಾಡಬಾರದು. ಹೊಸದಾಗಿ ಬೆನ್ನುಮೂಳೆ ಮುರಿದ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದೇ ವರ್ಷದೊಳಗೆ ಮತ್ತೊಂದು ಮುರಿತವಾಗುತ್ತದೆಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಕೊಡುವ ಝೋಲೆಡ್ರೊನಿಕ್ ಆಮ್ಲ ಮುಂತಾದ ಔಷಧಗಳು ಈ ಅಪಾಯವನ್ನು ತಗ್ಗಿಸುತ್ತವೆ. ಕಾಲಿನಲ್ಲಿ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಅಥವಾ ಜ್ವರ ಇದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ನಮ್ಮ ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಹಾಲು, ಮೊಸರು, ಎಳ್ಳು ಉಳಿದುದಕ್ಕೆ ನೆರವಾಗುತ್ತವೆ. ಬಿಸಿಲು ಹೇರಳವಾಗಿರುವ ದಕ್ಷಿಣ ಭಾರತದಲ್ಲೂ ವಿಟಮಿನ್ ಡಿ ಕೊರತೆ ಸಾಮಾನ್ಯವಾದ್ದರಿಂದ ಅದರ ರಕ್ತಪರೀಕ್ಷೆಯ ಬಗ್ಗೆಯೂ ವೈದ್ಯರಲ್ಲಿ ಕೇಳಬಹುದು.

ಹಾಸಿಗೆ ಹಿಡಿದವರ ಆರೈಕೆಯಲ್ಲಿ ಕೇರಳ ದೇಶಕ್ಕೇ ಮಾದರಿ. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿತು. ಸ್ಥಳೀಯ ಸಂಸ್ಥೆಗಳ ಮೂಲಕ ದಾದಿಯರು ಮನೆಗೇ ಬರುತ್ತಾರೆ. ತಿರುವನಂತಪುರದಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಅವರು 2003ರಲ್ಲಿ ಸ್ಥಾಪಿಸಿದ ಪ್ಯಾಲಿಯಂ ಇಂಡಿಯಾ ಸಂಸ್ಥೆಯೂ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಈ ಸೌಲಭ್ಯವನ್ನು ಕೇಳಿ ಪಡೆಯಲು ನಾವು ಸಂಕೋಚಪಡಬೇಕಾಗಿಲ್ಲ.

ಕಾರ್ಯಕ್ರಮಗಳಿಗೆ ಬರುವುದನ್ನು ನಿಲ್ಲಿಸಿದ ಹಿರಿಯರೊಬ್ಬರು ನಮ್ಮ ನೆನಪಿಗೆ ಬಂದರೆ, ಅವರ ಮನೆಗೆ ಹೋಗಿ ಕನ್ನಡದಲ್ಲಿ ನಾಲ್ಕು ಮಾತಾಡಿ ಕಾರಣ ವಿಚಾರಿಸೋಣ. ಚಿಕಿತ್ಸೆಯ ಮೊದಲ ಹೆಜ್ಜೆ ಅಲ್ಲಿಂದಲೇ ಆರಂಭವಾಗಬಹುದು.