ಪರದೆ ಆರಿದರೂ ಧ್ವನಿ ನಿಲ್ಲದಿರಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಆದುದರಿಂದ ನಾನು ನನಗೆ ದೊರೆತ ಪುಟಗಳನ್ನು ಇಂದು ಮನೆಮನೆಯಲ್ಲಿ ಕಾಣುವ ಒಂದು ಸಣ್ಣ ತೊಡಕನ್ನು ವಿವರಿಸುವುದಕ್ಕೆ ಬಳಸಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಆಕಾಶವಾಣಿಯ ಕನ್ನಡ ವಾರ್ತೆಯನ್ನೋ ದಾಸರ ಪದಗಳನ್ನೋ ಹಚ್ಚುತ್ತೇವೆ. ತುಸು ಹೊತ್ತಿಗೆ ಪರದೆ ಆರುತ್ತದೆ. ಇಲ್ಲವೇ ನಾವೇ ವಾಟ್ಸ್‌ಆ್ಯಪ್ ನೋಡಲು ಅತ್ತ ಹೋಗುತ್ತೇವೆ. ಅಷ್ಟರಲ್ಲಿ ಧ್ವನಿಯೂ ನಿಂತುಬಿಡುತ್ತದೆ. ಕೆಲವು ಆ್ಯಪುಗಳಲ್ಲಿ ಹೀಗಾಗುತ್ತದೆ, ಕೆಲವುಗಳಲ್ಲಿ ಆಗುವುದಿಲ್ಲ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದೇ ಈ ಲೇಖನದ ವಿಷಯ.

ವಿಷಯ ಸಣ್ಣದೆಂದು ತೋರಬಹುದು. ಆದರೆ ನಮ್ಮ ಭಾಗಕ್ಕೆ ಇದು ಸಣ್ಣದಲ್ಲ. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನವು ಭಾಷಾವಾರು ಹಂಚಿಹೋದಾಗ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಭಾಗವಾಗಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲಗಳ ಕನ್ನಡ ಮನೆತನಗಳೂ ಆಂಧ್ರಪ್ರದೇಶದಲ್ಲಿಯೇ ಉಳಿದವು. 2014ರಿಂದ ನಾವೆಲ್ಲರೂ ತೆಲಂಗಾಣದವರು. ಆದರೆ ರೇಡಿಯೋ ತರಂಗಗಳಿಗೆ ರಾಜ್ಯದ ಗಡಿ ಅಡ್ಡಿಯಾಗಲಿಲ್ಲ. 1966ರಲ್ಲಿ ಕಲಬುರಗಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಕನ್ನಡವು ನಮ್ಮ ಪಡಸಾಲೆಗಳಿಗೆ ತಾನಾಗಿ ಬರತೊಡಗಿತು. ಶಾಲೆಯಲ್ಲಿ ನಾವು ಅಕ್ಷರ ಕಲಿಸಿದೆವು; ಶುದ್ಧವಾದ ಉಚ್ಚಾರವನ್ನು ಮಕ್ಕಳಿಗೆ ಬಹುಮಟ್ಟಿಗೆ ಕಲಿಸಿದ್ದು ರೇಡಿಯೋ.

ಆ ಟ್ರಾನ್ಸಿಸ್ಟರಿನ ಸ್ಥಾನವನ್ನು ಈಗ ಮೊಬೈಲು ಆಕ್ರಮಿಸಿದೆ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಧಾರವಾಡ, ಬೆಂಗಳೂರು ಮುಂತಾದ ಕನ್ನಡ ಕೇಂದ್ರಗಳನ್ನು ಊರಲ್ಲಿಯೇ ಕುಳಿತು ಕೇಳಬಹುದು. ಆದರೆ ಕೇಳುವವರು ಯಾರೆಂಬುದನ್ನು ಯೋಚಿಸಿ ನೋಡಿ. ನಾರಾಯಣಪೇಟೆಯಲ್ಲಾಗಲಿ ಗದ್ವಾಲದಲ್ಲಾಗಲಿ ಮಗ್ಗದ ಮೇಲೆ ಕುಳಿತ ನೇಕಾರನ ಕೈಗಳು ಲಾಳಿಯ ಮೇಲೆ, ಕಾಲುಗಳು ತುಳಿಗೋಲಿನ ಮೇಲೆ, ಕಣ್ಣು ಎಳೆಯ ಮೇಲೆ ಇರುತ್ತವೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವ ಗದ್ವಾಲ ಸೀರೆಯ ಕೆಲಸದಲ್ಲಿ ಒಂದು ಗಳಿಗೆಯೂ ದೃಷ್ಟಿ ಕದಲಿಸುವಂತಿಲ್ಲ. ಅವನಿಗೆ ಬಿಡುವಾಗಿರುವುದು ಕಿವಿಯೊಂದೇ. ರೊಟ್ಟಿ ಬಡಿಯುವ ತಾಯಿಗೂ, ಕಣ್ಣಿಗೆ ಪೊರೆ ಬಂದ ಹಿರಿಯರಿಗೂ ಇದೇ ಮಾತು ಸಲ್ಲುತ್ತದೆ. ಇಂಥವರಿಗೆ ಐದು ನಿಮಿಷಕ್ಕೊಮ್ಮೆ ಪರದೆಯನ್ನು ಬೆಳಗಿಸಿ ಗುಂಡಿ ಒತ್ತಿರೆಂದು ಹೇಳಿದರೆ ಅವರು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ವೃದ್ಧ ತಾಯಿ ಹೀಗೆಯೇ ಬಿಟ್ಟಿದ್ದರು. ‘ಅದು ನನ್ನ ಮಾತು ಕೇಳೂದಿಲ್ರೀ ಸರ್, ಸುಮ್ಮನಾಗಿಬಿಡ್ತದ’ ಎಂದು ಅವರು ನನ್ನೊಡನೆ ಹೇಳಿದರು.

ಅದು ಏಕೆ ಸುಮ್ಮನಾಗುತ್ತದೆ? ರೇಡಿಯೋ ಪೆಟ್ಟಿಗೆಗೆ ಇರುವುದು ಒಂದೇ ಕೆಲಸ. ಮೊಬೈಲಾದರೋ ನಮ್ಮ ಹಳೆಯ ಏಕೋಪಾಧ್ಯಾಯ ಶಾಲೆಯಿದ್ದಂತೆ. ಒಂದೇ ಕೋಣೆ, ಒಬ್ಬರೇ ಮಾಸ್ತರು, ನಾಲ್ಕು ತರಗತಿಗಳು. ಮಾಸ್ತರರು ಯಾವ ತರಗತಿಯ ಮುಂದೆ ನಿಂತಿರುವರೋ ಅದು ಮುನ್ನೆಲೆಯಲ್ಲಿದೆ, ಉಳಿದವು ಹಿನ್ನೆಲೆಯಲ್ಲಿವೆ. ಹಿನ್ನೆಲೆಯ ತರಗತಿಗಳೆಲ್ಲ ಗಟ್ಟಿಯಾಗಿ ಓದತೊಡಗಿದರೆ ಶಾಲೆ ನಡೆಯಲಾರದು. ಆದ್ದರಿಂದ ಸುಮ್ಮನಿರಿ ಎಂಬುದೇ ಸಾಮಾನ್ಯ ನಿಯಮ. ಮಗ್ಗಿ ಹೇಳುತ್ತಿರಲು ಒಂದು ತರಗತಿಗೆ ಅಪ್ಪಣೆ ಬೇಕಾದರೆ ಅದನ್ನು ಮೊದಲೇ ಕೇಳಬೇಕು. ಮುಂದಾಳಿನ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಬೇಕು. ಮೊಬೈಲಿನಲ್ಲಿಯೂ ನಿಯಮ ಹೀಗೆಯೇ ಇದೆ.

ಈ ನಿಯಮಗಳು ಒಮ್ಮೆಲೇ ಬಂದವಲ್ಲ. ಆ್ಯಪಲ್ ಕಂಪನಿಯ ಐಫೋನಿನಲ್ಲಿ ಮೊದಮೊದಲು ಕಂಪನಿಯದೇ ಸಂಗೀತದ ಆ್ಯಪು ಮಾತ್ರ ಹಿನ್ನೆಲೆಯಲ್ಲಿ ನುಡಿಯುತ್ತಿತ್ತು; 2010ರಲ್ಲಿ ಬಂದ ಐಓಎಸ್ 4ರಿಂದ ಇತರರ ಆ್ಯಪುಗಳಿಗೂ ಆ ಅವಕಾಶ ದೊರೆಯಿತು. ಆಂಡ್ರಾಯ್ಡಿನ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಆರಂಭದಲ್ಲಿ ಸಡಿಲವಿತ್ತು, ಕ್ರಮೇಣ ಬಿಗಿಯಾಯಿತು. 2015ರ ಆಂಡ್ರಾಯ್ಡ್ 6ರಲ್ಲಿ, ಪರದೆ ಆರಿ ಕದಲದೆ ಬಿದ್ದಿರುವ ಫೋನನ್ನು ಗಾಢ ನಿದ್ರೆಗೆ ಕಳುಹಿಸುವ ‘ಡೋಜ್’ ಎಂಬ ವ್ಯವಸ್ಥೆ ಬಂದಿತು. 2017ರ ಆಂಡ್ರಾಯ್ಡ್ 8, ಹಿನ್ನೆಲೆಗೆ ಸರಿದ ಆ್ಯಪು ಸದ್ದಿಲ್ಲದೆ ಕೆಲಸ ಮುಂದುವರಿಸುವ ಅವಧಿಯನ್ನು ಕೆಲವೇ ನಿಮಿಷಗಳಿಗೆ ಇಳಿಸಿತು. 2023ರ ಆಂಡ್ರಾಯ್ಡ್ 14, ಹೀಗೆ ಮುಂದುವರಿಯುವ ಕೆಲಸ ಯಾವ ಬಗೆಯದೆಂಬುದನ್ನೂ ಘೋಷಿಸಬೇಕೆಂದು ವಿಧಿಸಿತು. ಬ್ಯಾಟರಿಯ ಉಳಿತಾಯವೇ ಇದರ ಮುಖ್ಯ ಉದ್ದೇಶ. ಅಲ್ಲದೆ, ನಮಗೆ ತಿಳಿಯದಂತೆ ಯಾವ ಆ್ಯಪೂ ಹಿಂದೆ ಕುಳಿತು ಏನನ್ನೂ ಮಾಡಬಾರದು. ನಿಯಮ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಧ್ವನಿ ಮುಂದುವರಿಯಬೇಕಾದರೆ ಆ್ಯಪು ಮಾಡಬೇಕಾದುದೇನು? ಮೊದಲನೆಯದು, ತಾನು ಧ್ವನಿ ನುಡಿಸುವ ಆ್ಯಪೆಂದು ಫೋನಿಗೆ ಘೋಷಿಸಿಕೊಳ್ಳಬೇಕು. ಎರಡನೆಯದು, ಆಂಡ್ರಾಯ್ಡಿನಲ್ಲಿ ನುಡಿಯುವಷ್ಟು ಹೊತ್ತೂ ಒಂದು ಸೂಚನಾಪಟ್ಟಿಯನ್ನು ತೋರಿಸಬೇಕು. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಕಾರ್ಯಕ್ರಮದ ಹೆಸರೂ ನಿಲ್ಲಿಸುವ ಗುರುತೂ ಕಾಣುವುದಷ್ಟೆ, ಅದೇ ಅದು. ಹಲವರು ಅದನ್ನು ಕಿರಿಕಿರಿಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಹಲಗೆಯ ಮೇಲೆ ಬರೆದ ಮುಂದಾಳಿನ ಹೆಸರು. ಮೂರನೆಯದು, ಪರದೆ ಆರಿದರೂ ಫೋನಿನ ಪ್ರೊಸೆಸರು ನಿದ್ರೆಹೋಗದಂತೆಯೂ ಅಂತರ್ಜಾಲದ ಸಂಪರ್ಕ ಕಡಿಯದಂತೆಯೂ ಕೋರಿಕೊಳ್ಳಬೇಕು. ನಾಲ್ಕನೆಯದು, ಧ್ವನಿಯ ಸರದಿಯನ್ನು ಪಾಲಿಸಬೇಕು. ಕರೆ ಬಂದಾಗ ತಾನು ತಡೆದು ನಿಂತು, ಕರೆ ಮುಗಿದೊಡನೆ ಮತ್ತೆ ಆರಂಭಿಸಬೇಕು. ದಾರಿ ತೋರಿಸುವ ಆ್ಯಪು ‘ಎಡಕ್ಕೆ ತಿರುಗಿ’ ಎಂದಾಗ ಹಾಡು ತಾನಾಗಿ ತಗ್ಗಿ ಮತ್ತೆ ಏರುವುದು ಈ ಮರ್ಯಾದೆಯಿಂದಲೇ.

ಇಷ್ಟು ತಿಳಿದರೆ ದೋಷವೆಲ್ಲಿದೆಯೆಂದು ಯಾರಾದರೂ ಗುರುತಿಸಬಹುದು. ಧ್ವನಿ ಯಾವಾಗ ನಿಂತಿತೆಂಬುದನ್ನು ಗಮನಿಸಿದರೆ ಸಾಕು.

ಬೇರೆ ಪುಟಕ್ಕೆ ಹೋದ ತಕ್ಷಣವೇ ನಿಂತರೆ, ಆ್ಯಪನ್ನು ಹಾಗೆಯೇ ರಚಿಸಲಾಗಿದೆ ಎಂದರ್ಥ. ಅದು ಫೋನಿನ ದೋಷವಲ್ಲ. ಯೂಟ್ಯೂಬಿನಲ್ಲಿ ಪರದೆ ಆರಿಸಿ ಕೇಳುವ ಸೌಲಭ್ಯವು ಸಾಮಾನ್ಯವಾಗಿ ಹಣ ತೆತ್ತ ‘ಪ್ರೀಮಿಯಂ’ ಚಂದಾದಾರರಿಗೆ ಮೀಸಲು. ಅದು ವ್ಯಾಪಾರದ ನಿಯಮ. ಕೇಳುವುದಷ್ಟೇ ಉದ್ದೇಶವಾದರೆ ರೇಡಿಯೋ ಆ್ಯಪುಗಳೇ ಮೇಲು.

ಕೆಲವು ನಿಮಿಷ ನುಡಿದು ನಿಂತರೆ, ಫೋನಿನ ಬ್ಯಾಟರಿ ಉಳಿತಾಯದ ಮೇಲೆ ಸಂಶಯಪಡಬೇಕು. ಫೋನು ತಯಾರಿಸುವ ಕೆಲವು ಕಂಪನಿಗಳು ಆಂಡ್ರಾಯ್ಡಿನ ನಿಯಮಕ್ಕಿಂತಲೂ ಹೆಚ್ಚು ಬಿಗಿ ಮಾಡಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪುಗಳ ಪಟ್ಟಿಗೆ ಹೋಗಿ, ಬೇಕಾದ ಆ್ಯಪನ್ನು ಒತ್ತಿ, ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಎಂಬುದನ್ನು ಆರಿಸಬೇಕು. ಅಂದರೆ ಆ ಆ್ಯಪಿನ ಮೇಲೆ ನಿರ್ಬಂಧವಿಲ್ಲವೆಂದು ಅರ್ಥ. ಮೇಲೆ ಹೇಳಿದ ತಾಯಿಯ ಫೋನಿನಲ್ಲಿ ಇದ್ದುದು ಇದೇ ತೊಡಕು. ಇಷ್ಟರಿಂದಲೇ ಅದು ಸರಿಹೋಯಿತು. ಇದನ್ನು ಒಂದೆರಡು ಆ್ಯಪುಗಳಿಗೆ ಮಾತ್ರ ಕೊಡಿ. ಎಲ್ಲಕ್ಕೂ ಕೊಟ್ಟರೆ ಬ್ಯಾಟರಿ ಸಂಜೆಯವರೆಗೂ ಬಾಳದು.

ಕರೆಯೊಂದು ಬಂದುಹೋದ ಮೇಲೆ ಮೌನವಾದರೆ, ಆ್ಯಪು ಸರದಿಯ ಪಾಠವನ್ನು ಅರ್ಧ ಮಾತ್ರ ಕಲಿತಿದೆ ಎಂದು ತಿಳಿಯಿರಿ. ಮೇಲಿನ ಸೂಚನಾಪಟ್ಟಿಯಲ್ಲಿ ತ್ರಿಕೋನದ ಗುರುತನ್ನು ಒತ್ತಿದರೆ ಧ್ವನಿ ಮುಂದುವರಿಯುತ್ತದೆ.

ಬಸ್ಸಿನಲ್ಲಿ ಊರೂರುಗಳ ನಡುವೆ ನಿಂತರೆ, ಸಿಗ್ನಲ್ಲಿನ ಕೊರತೆಯೇ ಕಾರಣವಿರಬಹುದು. ಅಂತರ್ಜಾಲದ ಧ್ವನಿಯನ್ನು ಫೋನು ಸ್ವಲ್ಪ ಮುಂಚಿತವಾಗಿಯೇ ಶೇಖರಿಸಿಕೊಳ್ಳುತ್ತದೆ. ನಳ ನಿಂತ ಮೇಲೂ ಕೊಡದ ನೀರು ಕೆಲಹೊತ್ತು ಸಾಲುವಂತೆ, ಸಂಪರ್ಕ ಕಡಿದ ಮೇಲೂ ಧ್ವನಿ ತುಸು ಹೊತ್ತು ಬರುತ್ತದೆ; ಅನಂತರ ನಿಲ್ಲುತ್ತದೆ. ಇದಕ್ಕೆ ಉಪಾಯವೆಂದರೆ, ಬೇಕಾದ ಕಾರ್ಯಕ್ರಮವನ್ನು ಸಾಧ್ಯವಿದ್ದಲ್ಲಿ ಮನೆಯಲ್ಲಿಯೇ ಇಳಿಸಿಟ್ಟುಕೊಳ್ಳುವುದು.

ಖರ್ಚಿನ ಚಿಂತೆ ಬೇಡ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಧ್ವನಿಪ್ರಸಾರವನ್ನು ಒಂದು ಗಂಟೆ ಕೇಳಿದರೆ ಸುಮಾರು 29 ಎಂಬಿ ಡೇಟಾ ಸಾಕು. ವಿಡಿಯೋಗೆ ಅದರ ಹಲವು ಪಟ್ಟು ಬೇಕು. ಪರದೆ ಆರಿರುವುದರಿಂದ ಬ್ಯಾಟರಿಯೂ ಉಳಿಯುತ್ತದೆ.

ನಮ್ಮ ಶಾಲೆಯಲ್ಲಿ ಓದಿ ಹೈದರಾಬಾದು, ಬೆಂಗಳೂರುಗಳಲ್ಲಿ ಇಂಜಿನಿಯರುಗಳಾಗಿರುವ ಹಳೆಯ ವಿದ್ಯಾರ್ಥಿಗಳಿಗೆ ಎರಡು ಮಾತು. ನೀವು ಧ್ವನಿಯ ಆ್ಯಪನ್ನು ರಚಿಸುವಾಗ ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ಸಾಲದು. ಫೋನನ್ನು ಜೇಬಿಗೆ ಹಾಕಿ, ಪರದೆ ಆರಿಸಿ, ಅರ್ಧ ಗಂಟೆ ಬೇರೆ ಕೆಲಸ ಮಾಡಿರಿ. ನಡುವೆ ಯಾರಿಂದಲಾದರೂ ಕರೆ ಮಾಡಿಸಿರಿ. ಅದೂ ಬೆಲೆ ಕಡಿಮೆಯ ಫೋನಿನಲ್ಲಿ. ನಿಮ್ಮ ಕೇಳುಗರು ಇಲ್ಲಿ ಮಗ್ಗದ ಮೇಲೆ, ಒಲೆಯ ಮುಂದೆ, ಮಂಚದ ಮೇಲೆ ಇದ್ದಾರೆ. ರಜೆಗೆ ಊರಿಗೆ ಬಂದಾಗ ನಿಮ್ಮ ತಂದೆತಾಯಿಗಳ ಫೋನಿನಲ್ಲಿ ಮೇಲೆ ಹೇಳಿದ ಬ್ಯಾಟರಿಯ ಸರಿಪಡಿಕೆಯನ್ನು ಮಾಡಿಕೊಟ್ಟು ಹೋಗಿರಿ. ಅದಕ್ಕೆ ಎರಡು ನಿಮಿಷ ಸಾಕು.

ಪಾಲಕರಲ್ಲಿಯೂ ನನ್ನದೊಂದು ವಿನಂತಿಯಿದೆ. ನಮ್ಮ ಮಕ್ಕಳು ಬೀದಿಯಲ್ಲಿ ತೆಲುಗನ್ನು, ಶಾಲಾಕಾಲೇಜುಗಳಲ್ಲಿ ಇಂಗ್ಲಿಷನ್ನು ಕೇಳುತ್ತಾರೆ. ಕೇಳಲಿ, ಎರಡೂ ಅವರಿಗೆ ಬೇಕು. ಆದರೆ ಮನೆಯೊಳಗೆ ಅಡುಗೆಯಾಗುವಾಗ, ಅಂಗಳ ಗುಡಿಸುವಾಗ, ಯಾರೂ ವಿಶೇಷವಾಗಿ ಗಮನಿಸದಿದ್ದರೂ ಒಂದು ಒಳ್ಳೆಯ ಕನ್ನಡದ ಧ್ವನಿ ಹಿನ್ನೆಲೆಯಲ್ಲಿ ಇರಲಿ. ಕಿವಿಗೆ ಬೀಳದ ಭಾಷೆ ನಾಲಗೆಗೆ ಬರುವುದಿಲ್ಲವೆಂಬುದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಕಂಡಿದ್ದೇನೆ. ಇವತ್ತು ಸಂಜೆಯೇ ನಿಮ್ಮ ಮನೆಯ ಹಿರಿಯರ ಫೋನನ್ನು ತೆಗೆದುಕೊಂಡು ಒಂದು ಕನ್ನಡ ಕೇಂದ್ರವನ್ನು ಹಚ್ಚಿ, ಪರದೆ ಆರಿಸಿ, ಅರ್ಧ ಗಂಟೆ ಇಟ್ಟು ನೋಡಿರಿ.