ಸಂತ ರೋಕರ ನಾಯಿಯೂ ನಮ್ಮ ಮನೆಯ ನಾಯಿಯ ಕೆಮ್ಮೂ
(ಆಗಸ್ಟ್ 16 – ಸಂತ ರೋಕರ ಹಬ್ಬ)



ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಮರುದಿನವೇ ಸಂತ ರೋಕರ ಹಬ್ಬ. ಅವರ ಸ್ವರೂಪವನ್ನು ಒಮ್ಮೆ ನೋಡಿದವರು ಮರೆಯಲಾರರು. ಯಾತ್ರಿಕನ ಕೋಲು, ತೊಡೆಯ ಮೇಲೊಂದು ಹುಣ್ಣು, ಪಕ್ಕದಲ್ಲಿ ಬಾಯಲ್ಲಿ ರೊಟ್ಟಿ ಹಿಡಿದು ನಿಂತ ನಾಯಿ. ಫ್ರಾನ್ಸಿನ ಮೊಂಪೆಲಿಯೇ ಪಟ್ಟಣದಿಂದ ಹೊರಟ ಈ ಯಾತ್ರಿಕರು ಇಟಲಿಯಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡಿದರು, ಕೊನೆಗೆ ತಾವೇ ಆ ರೋಗಕ್ಕೆ ತುತ್ತಾಗಿ ಕಾಡು ಸೇರಿದರು, ಅಲ್ಲಿ ಒಂದು ನಾಯಿ ದಿನವೂ ರೊಟ್ಟಿ ತಂದುಕೊಟ್ಟು ಅವರನ್ನು ಬದುಕಿಸಿತು ಎಂಬುದು ಪರಂಪರೆಯ ಮಾತು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ನಮ್ಮ ಭಾಗಕ್ಕೂ ಬಂದಿತ್ತಾದ್ದರಿಂದ, ಈ ಸಂತರು ನಮಗೆ ತೀರಾ ದೂರದವರಲ್ಲ.

ಹಬ್ಬದ ಪ್ರಬೋಧನೆಯಲ್ಲಿ ನಾಯಿಯ ಮಾತು ಬಂದರೆ ಸಾಕು, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. "ಫಾದರ್, ನಮ್ಮ ನಾಯಿ ಎಂಟ ದಿನದಿಂದ ಕೆಮ್ಮಾಕತ್ತೈತ್ರಿ. ಗಂಟಲದಾಗ ಎಲುಬು ಸಿಕ್ಕೈತೇನೋ, ಕೈ ಹಾಕಿ ತಗೀಬೇಕೇನ್ರಿ?" ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹೊಲದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಕಡಿಮೆ. ನಾವು ಪಶುವೈದ್ಯರಲ್ಲ. ಆದರೂ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಹಂಚಿಕೊಳ್ಳುವುದು ಒಳ್ಳೆಯದೆನಿಸಿದೆ, ಏಕೆಂದರೆ "ಕೈ ಹಾಕಿ ತಗೀಬೇಕೇನ್ರಿ" ಎಂಬ ಆ ಕೊನೆಯ ಮಾತಿನಲ್ಲಿ ಒಂದು ಜೀವದ ಪ್ರಶ್ನೆ ಅಡಗಿದೆ.

ಎಲುಬು ಸಿಕ್ಕಿರುವುದು ಉಂಟು, ಇಲ್ಲವೆನ್ನುವುದಿಲ್ಲ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ. ಆದರೆ ಹಾಗಾದಾಗ ತೊಂದರೆ ಉಣ್ಣುತ್ತಿರುವಾಗಲೇ ಥಟ್ಟನೆ ಶುರುವಾಗುತ್ತದೆ, ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ಎಂಟು ದಿನದ ಕೆಮ್ಮಿಗೆ ಸಾಮಾನ್ಯವಾಗಿ ಕಾರಣ ಬೇರೆ.

ಹೆಚ್ಚಾಗಿ ಕಾಣುವುದು ನಾಯಿಯಿಂದ ನಾಯಿಗೆ ಹರಡುವ ಶ್ವಾಸನಾಳದ ಸೋಂಕು. ವೈದ್ಯರು ಇದನ್ನು ಕೆನೆಲ್ ಕಾಫ್ ಎನ್ನುತ್ತಾರೆ. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ವೈರಸ್ಸುಗಳು ಬಿಡಿಯಾಗಿಯೋ ಜೊತೆಗೂಡಿಯೋ ಇದನ್ನು ತರುತ್ತವೆ. ಒಣ ಕೆಮ್ಮು, ಕೆಮ್ಮಿನ ಕೊನೆಗೆ ಓಕರಿಕೆ, ಸ್ವಲ್ಪ ಬಿಳಿ ನೊರೆ. ಮನೆಯವರಿಗೆ ಎಲುಬಿನ ಅನುಮಾನ ಬರುವುದು ಇದರಿಂದಲೇ. ಆದರೆ ಕೆಮ್ಮು ನಿಂತೊಡನೆ ನಾಯಿ ಬಾಲ ಅಲ್ಲಾಡಿಸುತ್ತದೆ, ರೊಟ್ಟಿ ತಿನ್ನುತ್ತದೆ. ಬಹುಪಾಲು ನಾಯಿಗಳು ಮೂರು ವಾರದೊಳಗೆ ಗುಣವಾಗುತ್ತವೆ. ಜಾತ್ರೆ, ಸಂತೆಗಳಲ್ಲಿ, ಅಥವಾ 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿದಾಗ ಆದಂತೆ ಜನರೂ ಜಾನುವಾರುಗಳೂ ಎತ್ತರದ ಜಾಗದಲ್ಲಿ ಒತ್ತೊತ್ತಾಗಿ ಸೇರಿದಾಗ ಇಂತಹ ಸೋಂಕಿಗೆ ದಾರಿ ಸುಲಭ. ಕೆಮ್ಮುವ ನಾಯಿಯನ್ನು ಬೇರೆ ಕಟ್ಟಿ, ನೀರಿನ ಬಟ್ಟಲನ್ನೂ ಬೇರೆ ಮಾಡಬೇಕು.

ಮರಿಗಳ ಕೆಮ್ಮನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಕೆಮ್ಮಿನ ಜೊತೆ ಜ್ವರ, ಕಣ್ಣು ಮೂಗಿನಲ್ಲಿ ಕೀವಿನಂತಹ ಸ್ರಾವ, ಆಮೇಲೆ ಭೇದಿ, ಕೈಕಾಲು ಅದುರುವುದು ಕಂಡರೆ ಅದು ಡಿಸ್ಟೆಂಪರ್ ಇರಬಹುದು. ಬಂದ ಮೇಲೆ ಉಳಿಸುವುದು ಕಷ್ಟ, ಬಾರದಂತೆ ತಡೆಯಲು ಲಸಿಕೆ ಇದೆ. ಹೊಟ್ಟೆಯ ಜಂತುಹುಳುಗಳ ಮರಿಗಳು ಶ್ವಾಸಕೋಶದ ಮೂಲಕ ಹಾದುಹೋಗುವಾಗಲೂ ನಾಯಿಮರಿ ಕೆಮ್ಮುತ್ತದೆ, ಅದಕ್ಕೆ ಜಂತಿನ ಔಷಧಿ ಸಾಕು.

ಪಾಮೇರಿಯನ್ ಜಾತಿಯ ಚಿಕ್ಕ ನಾಯಿ ಬಾತುಕೋಳಿಯಂತೆ ಕೆಮ್ಮಿದರೆ ಅದರ ಶ್ವಾಸನಾಳ ಸಡಿಲಾಗಿ ಕುಸಿಯುತ್ತಿರಬಹುದು. ಕೊರಳಪಟ್ಟಿ ತೆಗೆದು ಎದೆಗೆ ಕಟ್ಟುವ ಪಟ್ಟಿ ಹಾಕಿ. ಮುದಿ ನಾಯಿ ರಾತ್ರಿ ಮಲಗಿದಾಗ ಕೆಮ್ಮಿದರೆ, ನಾಲ್ಕು ಹೆಜ್ಜೆಗೆ ದಣಿದರೆ, ಹೊಟ್ಟೆ ಉಬ್ಬಿದರೆ ಹೃದಯವನ್ನು ಪರೀಕ್ಷಿಸಬೇಕು. ಸೊಳ್ಳೆ ಕಡಿತದಿಂದ ಸೇರುವ ಹೃದಯದ ಹುಳುವೂ ಒಂದುಂಟು. ಅದು ಬೆಳೆದು ದೊಡ್ಡದಾಗಲು ಸುಮಾರು ಆರು ತಿಂಗಳು ಬೇಕು, ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.

ಇನ್ನು ನಮ್ಮ ಸೀಮೆಗೇ ಸೇರಿದ ಕಾರಣವೊಂದಿದೆ: ಹೊಗೆ ಮತ್ತು ಧೂಳು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತೇವೆ, ಕರಿ ಹೊಗೆ ಊರ ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ನಿಪ್ಪಾಣಿಯ ಕಡೆ ತಂಬಾಕಿನ ಘಾಟು, ಧೂಳು. ಅದೇ ಅಂಗಳದಲ್ಲಿ ಮೂಗನ್ನು ನೆಲಕ್ಕೆ ಹಚ್ಚಿ ಮಲಗುವ ನಾಯಿಗೆ ಅದು ನಮಗಿಂತ ಹೆಚ್ಚು ತಟ್ಟಿದರೆ ಆಶ್ಚರ್ಯವಿಲ್ಲ. ನಾಯಿ ಕೆಮ್ಮುವ ಮನೆಯಲ್ಲಿ ಬೀಡಿ ಕಟ್ಟುವ ತಾಯಿಯೂ ಕೆಮ್ಮುತ್ತಿದ್ದಾಳೆಯೇ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ನಾಯಿಯ ಕೆಮ್ಮಿನ ಬಗ್ಗೆ ಕೇಳಲು ಬಂದವರು ಆಕೆಯ ಕೆಮ್ಮಿನ ಬಗ್ಗೆ ಕೇಳುವುದು ಅಪರೂಪ.

ಮನೆಮದ್ದಿನ ವಿಷಯದಲ್ಲಿ ಎರಡು ಮಾತು. ದನಕ್ಕೆ ಹಾಕುವಂತೆ ನಾಯಿಗೂ ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯುವವರಿದ್ದಾರೆ. ಕೆಮ್ಮುತ್ತಿರುವಾಗ ಸುರಿದದ್ದು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳೂ ನಾಯಿಗೆ ವಿಷವಾಗಬಲ್ಲವು. ಅದರ ಬದಲು ಕೆಮ್ಮುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ದನದ ದವಾಖಾನೆಗೆ ಹೋಗಿ. ಅಲ್ಲಿ ಮುಟ್ಟುವ ಹೊತ್ತಿಗೆ ನಾಯಿ ಕೆಮ್ಮದೇ ಸುಮ್ಮನೆ ನಿಲ್ಲುವುದು ವಾಡಿಕೆ!

ನಾಯಿಗೆ ದುಡ್ಡು ಖರ್ಚು ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2416ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಇದನ್ನು ಎರಡೂ ಕಡೆಯಿಂದ ನೋಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ, ಸುಮ್ಮಸುಮ್ಮನೆ ನೋಯಿಸುವುದು ಮನುಷ್ಯನ ಘನತೆಗೆ ವಿರುದ್ಧ. ಹಾಗೆಯೇ ಬಡವರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ಒಂದು ಲಸಿಕೆ, ಒಂದು ಜಂತಿನ ಗುಳಿಗೆ ಯಾವ ಬಡವನ ಪಾಲನ್ನೂ ಕಸಿಯುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ತೊಬೀತನ ಗ್ರಂಥದಲ್ಲಿ ಮಗ ತೊಬೀಯನು ಪ್ರಯಾಣ ಹೊರಟಾಗ ನಾಯಿಯೂ ಹಿಂದೆ ಹೋಗುತ್ತದೆ, 11ನೇ ಅಧ್ಯಾಯದಲ್ಲಿ ಮರಳಿ ಬರುವಾಗಲೂ ಜೊತೆಗಿರುತ್ತದೆ. ದೇವದೂತ ರಫಾಯೇಲರು ನಡೆದ ದಾರಿಯಲ್ಲಿ ಅದಕ್ಕೂ ಜಾಗವಿತ್ತು.

ಈಗ ಆ ಕೈ ಹಾಕುವ ಪ್ರಶ್ನೆ. ದಯವಿಟ್ಟು ಹಾಕಬೇಡಿ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಯಾವಾಗಲೂ ಕಚ್ಚಲು ಬರುವ ರೂಪದಲ್ಲೇ ಬರುವುದಿಲ್ಲ. ಅದರ ಇನ್ನೊಂದು ರೂಪದಲ್ಲಿ ನಾಯಿ ಮೂಲೆ ಸೇರಿ ಮಂಕಾಗಿ ಕೂರುತ್ತದೆ. ಗಂಟಲಿನ ಸ್ನಾಯುಗಳು ಸೋತು ನುಂಗಲಾಗುವುದಿಲ್ಲ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಒಡೆಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿದಂತೆಯೇ ಕಾಣುತ್ತದೆ. ಕನಿಕರದಿಂದ ಬಾಯೊಳಗೆ ಕೈ ಹಾಕಿದವರ ಬೆರಳಿನ ಸಣ್ಣ ಗೀರಿನಲ್ಲಿ ಆ ಜೊಲ್ಲು ಸೇರಿದರೂ ಅಪಾಯವೇ. ಮನುಷ್ಯನಲ್ಲಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲವೆಂದೇ ಹೇಳಬೇಕು. ಮೂರು ವಾರದಿಂದ ಕೆಮ್ಮುತ್ತ, ಉಣ್ಣುತ್ತ, ಆಡುತ್ತ ಇರುವ ನಾಯಿಗೆ ಈ ರೋಗವಿರಲಾರದು, ಏಕೆಂದರೆ ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಹೆದರಬೇಕಾದದ್ದು ಎರಡು ದಿನದಿಂದ ನೀರೂ ನುಂಗದೆ ಜೊಲ್ಲು ಸುರಿಸುವ ನಾಯಿಗೆ. ಅದನ್ನು ಕೂಡಿಹಾಕಿ, ಮಕ್ಕಳನ್ನು ದೂರವಿಟ್ಟು, ವೈದ್ಯರನ್ನು ಕರೆಯಿರಿ.

ಲಾಜರನ ಹುಣ್ಣುಗಳನ್ನು ನಾಯಿಗಳು ನೆಕ್ಕಿದವೆಂದು ಸಂತ ಲೂಕರ ಶುಭಸಂದೇಶದಲ್ಲಿ (16:21) ಓದುತ್ತೇವೆ, ಸಂತ ರೋಕರ ನಾಯಿಯ ಬಗ್ಗೆಯೂ ಹಾಗೆಯೇ ಹೇಳುತ್ತಾರೆ. ಅದು ಮನುಷ್ಯರು ತೋರದ ಕರುಣೆಯ ಚಿತ್ರ. ಮಕ್ಕಳ ಗಾಯವನ್ನು ನಾಯಿ ನೆಕ್ಕಲು ಬಿಡುವುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಬಾರದು.

ನಾಯಿ ಕಚ್ಚಿದರೆ, ಪರಚಿದರೆ, ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ನಾಯಿ ಸಾಯುತ್ತದೆಯೋ ನೋಡೋಣವೆಂದು ಕಾಯಬೇಡಿ. ಹೊಟ್ಟೆಗೆ 14 ಸೂಜಿ ಎಂಬ ಹಳೆಯ ಹೆದರಿಕೆಯಿಂದ ಇಂದಿಗೂ ಕೆಲವರು ಹಿಂಜರಿಯುತ್ತಾರೆ. ಆ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿ ಬಹಳ ವರ್ಷಗಳಾಗಿವೆ. ಈಗ ಕೊಡುವುದು ತೋಳಿಗೆ, ಕೆಲವೇ ಸಲ. ಹೇಳಿದ ದಿನಗಳಲ್ಲಿ ತಪ್ಪದೆ ಹೋಗಿ ಪೂರ್ತಿ ಮಾಡಿಸಿಕೊಳ್ಳಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಚುಚ್ಚುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ಮನೆಯ ನಾಯಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ನಂತರ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ಲಸಿಕೆಯನ್ನು 1885ರಲ್ಲಿ ಮೊದಲು ಬಾಲಕನೊಬ್ಬನಿಗೆ ಕೊಟ್ಟು ಉಳಿಸಿದ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. ಆ ಸುಮಾರಿಗೆ ಹಲವು ಕಡೆ ನಾಯಿಗಳಿಗೆ ಲಸಿಕಾ ಶಿಬಿರ ನಡೆಸುತ್ತಾರೆ, ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಈಗಲೇ ವಿಚಾರಿಸಿಡಿ.