ಆಸ್ಪಿರಿನ್ನೂ ಹೃದಯವೂ

1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ಮಾರಾಟಕ್ಕೆ ತಂದ ಆಸ್ಪಿರಿನ್ ಬಹುಕಾಲ ತಲೆನೋವು, ಜ್ವರಗಳ ಮದ್ದಾಗಿಯೇ ಇದ್ದಿತು. ಅದು ಹೃದಯವನ್ನೂ ಕಾಯುವುದೆಂಬ ಮಾತು ಈಗ ಬಹುಮಂದಿಯ ಬಾಯಲ್ಲಿದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳುಂಟು. ಬೆರಳು ಕೊಯ್ದುಕೊಂಡಾಗ ಇವು ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ತಡೆಯುತ್ತವೆ. ಹೃದಯದ ನಾಳದೊಳಗೆ ಕಟ್ಟಿದ ಕೊಬ್ಬಿನ ಪದರ ಬಿರಿದಾಗಲೂ ಅವು ಹೀಗೆಯೇ ಅಂಟಿಕೊಂಡು ನಾಳವನ್ನು ಮುಚ್ಚಿಬಿಡಬಹುದು, ಅದೇ ಹೃದಯಾಘಾತ. ಆಸ್ಪಿರಿನ್ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ನಿಲ್ಲಿಸುವುದೆಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಇದರಿಂದ ಪ್ಲೇಟ್‌ಲೆಟ್ಟಿನ ಅಂಟು ಕುಗ್ಗುತ್ತದೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಇದೇ ಬಳಗದ ವಸ್ತುವೇ! ಹೀಗಾಗಿ ಉಪಕಾರವೂ ಅಪಕಾರವೂ ಒಂದೇ ಬೇರಿನಿಂದ ಹುಟ್ಟುತ್ತವೆ.

ನಮ್ಮ ಮಾವನವರಿಗೆ ಎಪ್ಪತ್ತೆರಡು ವರ್ಷ. ಹೃದಯದಲ್ಲಿ ದೋಷವಿಲ್ಲ, ಹೊಟ್ಟೆಯಲ್ಲಿ ಮಾತ್ರ ಹಳೆಯ ಹುಣ್ಣು. ಆದರೂ ಯಾರೋ ಹೇಳಿದರೆಂದು ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಾರೆ. ಕಲಾ ವಿಭಾಗದ ನಾನು ಈ ವಿಷಯದ ಬೆನ್ನು ಹತ್ತಿದ್ದು ಅವರಿಗಾಗಿ.

ಅವರ ಪಕ್ಷಕ್ಕೂ ಆಧಾರವುಂಟು. ಅಮೆರಿಕದ 22,071 ಮಂದಿ ಪುರುಷ ವೈದ್ಯರ ಮೇಲೆ ನಡೆದ ಪ್ರಯೋಗದಲ್ಲಿ ಹೃದಯಾಘಾತ ನೂರಕ್ಕೆ 44ರಷ್ಟು ಕಡಿಮೆಯಾಯಿತೆಂದು 1989ರಲ್ಲಿ ಪ್ರಕಟವಾಯಿತು. ಆದರೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರ ಸಂಖ್ಯೆ ಇಳಿಯಲಿಲ್ಲವೆಂಬುದನ್ನು ಹೇಳುವವರು ವಿರಳ. ಮುಂದೆ ಆಸ್ಟ್ರೇಲಿಯಾ, ಅಮೆರಿಕಗಳ 19,114 ಮಂದಿ ವೃದ್ಧರನ್ನು ಪರೀಕ್ಷಿಸಿದರು. ಬಹುಪಾಲು ಎಪ್ಪತ್ತು ದಾಟಿದವರು, ಹೃದ್ರೋಗವಿಲ್ಲದವರು. 2018ರಲ್ಲಿ ಹೊರಬಂದ ಫಲಿತಾಂಶದಂತೆ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ತೀವ್ರ ರಕ್ತಸ್ರಾವವಾದರೋ, ಹುಸಿಮಾತ್ರೆ ನುಂಗಿದವರಲ್ಲಿ ಸಾವಿರಕ್ಕೆ 28 ಮಂದಿಗಾದರೆ ಆಸ್ಪಿರಿನ್ ನುಂಗಿದವರಲ್ಲಿ 38 ಮಂದಿಗಾಯಿತು. ಅರುವತ್ತು ದಾಟಿದವರು ಹೃದ್ರೋಗ ತಡೆಯಲೆಂದು ಇದನ್ನು ಹೊಸದಾಗಿ ಆರಂಭಿಸುವುದು ಬೇಡವೆಂದು 2022ರಲ್ಲಿ ಅಮೆರಿಕದ ತಜ್ಞಮಂಡಲಿ ಸಲಹೆಯಿತ್ತಿತು. ಹುಣ್ಣಿರುವ ಮಾವನವರಿಗೆ ಈ ಮಾತ್ರೆ ಸಲ್ಲದೆಂದೇ ನನ್ನ ಅಭಿಪ್ರಾಯ. ವೈದ್ಯರ ಬಳಿಗೆ ಕರೆದೊಯ್ಯುವವನಿದ್ದೇನೆ.

ಇದನ್ನೋದಿ ಬೇರೆಯವರು ಮಾತ್ರೆ ಬಿಟ್ಟಾರೆಂಬ ಅಂಜಿಕೆಯೂ ನನಗುಂಟು. ಆಗಲೇ ಹೃದಯಾಘಾತವಾದವರ ಲೆಕ್ಕವೇ ಬೇರೆ. 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ರೋಗಿಗಳ ಪೈಕಿ ಒಂದು ತಿಂಗಳು ಆಸ್ಪಿರಿನ್ ಪಡೆದವರಲ್ಲಿ ಇಂಥ ಮರಣಗಳು ಸುಮಾರು ಕಾಲುಭಾಗ ಇಳಿದವು. ಅಂಥವರೂ ಸ್ಟೆಂಟ್ ಹಾಕಿಸಿಕೊಂಡವರೂ ವೈದ್ಯರನ್ನು ಕೇಳದೆ ಒಂದು ದಿನವೂ ಮಾತ್ರೆ ಬಿಡತಕ್ಕದ್ದಲ್ಲ.